ನೀರಿನ ಪಾಳಿಗೆ ಕಟ್ಟಿದ ಗುಳಿಗೆ

ನನ್ನ ಬಾಯಿ ಜೋರು ಎಂಬುದು ನನಗೆ ಏಳು ವರ್ಷವಾಗಿದ್ದಾಗಲೇ ತೀರ್ಮಾನವಾಗಿ ಹೋಗಿತ್ತು. ಸೈದಾಪುರದ ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ನಾನು ಕೂಗಿದರೆ ಪ್ಲಾಟ್‌ಫಾರ್ಮಿನಲ್ಲಿ ಕುಳಿತವರು ತಿರುಗಿ ನೋಡುತ್ತಿದ್ದರಂತೆ. ಅವ್ವ ಇದನ್ನು ನನ್ನನ್ನು ನೋಡಲು ಬಂದ ಗಂಡಿನ ಕಡೆಯವರಿಗೂ ಮೊದಲೇ ಹೇಳಿಬಿಟ್ಟಿದ್ದಳು, ಆಮೇಲೆ ಯಾರೂ ದೂರಬಾರದೆಂದು. ಔಷಧ ಕೊಡುವ ಸರ್ಕಾರಿ ನೌಕರಿಗೆ ಸೇರಿದ ಮೇಲೆ ಆ ಬಾಯಿಯೇ ನನ್ನ ಕೈ ಹಿಡಿಯಿತು. ಕಿಟಕಿಯ ಮುಂದೆ ಐವತ್ತು ಜನ ಒಬ್ಬರ ಮೈಮೇಲೊಬ್ಬರು ಬಿದ್ದು ಚೀಟಿ ಚಾಚುವಾಗ ಮೆತ್ತಗೆ ಮಾತಾಡಿದರೆ ಯಾರಿಗೆ ಕೇಳುತ್ತದೆ?

ನಾನು ಹೆಚ್ಚು ಕಾಲ ಕೆಲಸ ಮಾಡಿದ್ದು ಶಹಾಪುರಕ್ಕೂ ಸುರಪುರಕ್ಕೂ ನಡುವೆ, ಕಾಲುವೆ ಬದಿಯ ಒಂದು ದೊಡ್ಡ ಹಳ್ಳಿಯ ಆಸ್ಪತ್ರೆಯಲ್ಲಿ. ಊರಿನ ಹೆಸರು ಬೇಡ. ನಾನು ಹೇಳಹೊರಟಿರುವ ತಪ್ಪು ಊರಿನದಲ್ಲ, ನನ್ನದು. ಶಹಾಪುರದಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕಾಲುವೆ ಬಂದು ಆಗಲೇ ಬಹಳ ವರ್ಷವಾಗಿತ್ತು. ಜೋಳ, ತೊಗರಿ ಬೆಳೆಯುತ್ತಿದ್ದ ಹೊಲಗಳಲ್ಲಿ ನೆಲ್ಲು ನಿಂತಿತ್ತು. ಆಂಧ್ರದ ಕಡೆಯವರು ಬಂದು ಹೂಡಿದ ಕ್ಯಾಂಪುಗಳು ಊರುಗಳೇ ಆಗಿಬಿಟ್ಟಿದ್ದವು. ನಮ್ಮ ಸೈದಾಪುರದ ಕಡೆ ಆ ಕಾಲುವೆ ಇಲ್ಲ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಕಡೇಚೂರಿನ ಫ್ಯಾಕ್ಟರಿಗಳಲ್ಲಿ ಕೂಲಿ. ಹೀಗಾಗಿ ಕಾಲುವೆ ನೀರಿನ ರೀತಿ ರಿವಾಜು ನನಗೆ ಮೇಲೆ ಮೇಲೆ ಗೊತ್ತಿತ್ತೇ ಹೊರತು ಮೈಗೆ ಹತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ವಯಸ್ಸಾದವರ ಬಿಪಿ, ಸಕ್ಕರೆ ಕಾಯಿಲೆಗೆ ಗುಳಿಗೆ ಎರಡು ದಾರಿಯಿಂದ ಬರುತ್ತಿದ್ದವು. ರಾಜ್ಯ ಸರ್ಕಾರ ಎಲ್ಲ ರೋಗಿಗಳಿಗೂ ಕೊಡುವ ಔಷಧ ನನ್ನ ಕಿಟಕಿಗೆ ಬರುತ್ತಿತ್ತು. ಕೇಂದ್ರ ಸರ್ಕಾರ ವಯಸ್ಸಾದವರಿಗಾಗಿಯೇ ಕಳಿಸುವ ಔಷಧ ವರಾಂಡದ ಆ ತುದಿಯ ಕೋಣೆಗೆ. ಗುಳಿಗೆ ಒಂದೇ, ಅದನ್ನು ಸುತ್ತಿದ ಪಟ್ಟಿಯ ಬಣ್ಣ ಬೇರೆ. ಒಬ್ಬರೇ ಎರಡೂ ಕಡೆ ತೆಗೆದುಕೊಳ್ಳದಂತೆ ನೋಡಿಕೊಳ್ಳಬೇಕು ಎಂದು ಮೇಲಿನಿಂದ ಕಾಗದ ಬಂದಿತ್ತು. ಬರೆದವರ ತಲೆಯಲ್ಲಿ ಅದು ಸರಿಯಾಗಿಯೇ ಇದ್ದಿರಬೇಕು. ನಮ್ಮಲ್ಲಿ ಆದದ್ದು ಬೇರೆ. ಕಿಟಕಿಗೆ ಬಂದವರಿಗೆ ನಾನು, "ನಿಮ್ದು ಆ ಕೋಣ್ಯಾಗ ಅದ, ಅಲ್ಲಿ ಕೇಳ್ರಿ" ಅನ್ನುತ್ತಿದ್ದೆ. ಕೋಣೆಯವರು, "ಕಿಟಕ್ಯಾಗ ಕೊಡ್ತಾರ, ಅಲ್ಲಿಗಿ ಹೋಗ್ರಿ" ಅನ್ನುತ್ತಿದ್ದರು. ಮೊಣಕಾಲು ಹಿಡಿದುಕೊಂಡ ಮುದುಕ ಮುದುಕಿಯರು ಆ ವರಾಂಡದಲ್ಲಿ ಅತ್ತಿಂದಿತ್ತ, ಇತ್ತಿಂದತ್ತ ನಡೆದು ಬರಿಗೈಯಲ್ಲಿ ಬಸ್ಸು ಹತ್ತುತ್ತಿದ್ದರು. ಎರಡು ಸರ್ಕಾರ ಸೇರಿ ಕೊಟ್ಟಾಗ ಡಬಲ್ ಸಿಗಬೇಕಲ್ಲ, ಸಿಗುತ್ತಿದ್ದದ್ದು ಸೊನ್ನೆ. ನನಗೂ ನಾಚಿಕೆಯಾಗುತ್ತಿತ್ತು. ನಾಚಿಕೆಯಾದಾಗ ನನಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದಾಗ ಎದುರಿಗೆ ನಿಂತವರನ್ನೇ ಬೈಯುತ್ತೇನೆ.

ಹಾಗೆ ನಡೆಯುತ್ತಿದ್ದವರಲ್ಲಿ ಒಬ್ಬ ಮುತ್ಯಾ, ಒಬ್ಬ ಆಯಿ ಇದ್ದರು. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಅನ್ನುತ್ತೇವೆ, ಅಜ್ಜಿಗೆ ಆಯಿ. ಸಂಬಂಧ ಇರಬೇಕೆಂದೇನಿಲ್ಲ, ತಲೆ ಹಣ್ಣಾಗಿದ್ದರೆ ಸಾಕು. ಇವರಿಬ್ಬರು ಗಂಡ ಹೆಂಡತಿ. ಮುತ್ಯಾ ಕಾಲುವೆಯ ಒಂದು ಗೇಟು ಕಾಯುತ್ತಿದ್ದವ. ಆಯಿ ಕೃಷ್ಣಾ ದಂಡೆಯ ಮೀನು ಹಿಡಿಯುವ ಮನೆತನದಿಂದ ಬಂದವಳು. ಮಾತಿನಲ್ಲಿ ನನ್ನನ್ನು ಸೋಲಿಸಬಲ್ಲ ಹೆಂಗಸು ಆ ಸುತ್ತಮುತ್ತ ಇವಳೊಬ್ಬಳೇ.

ಗುಳಿಗೆ ಬೇಕಾಗಿದ್ದದ್ದು ಆಯಿಗೆ. ಒಮ್ಮೆ ಅವಳ ಮುಖದ ಒಂದು ಬದಿ ಇದ್ದಕ್ಕಿದ್ದಂತೆ ಜೋತುಬಿದ್ದು, ಒಂದು ಹಗಲು ಹಾಗೇ ಇದ್ದು, ಮತ್ತೆ ಸರಿಹೋಗಿತ್ತು. ನಮ್ಮ ಡಾಕ್ಟರು ನನ್ನೆದುರಿಗೇ ಮುತ್ಯಾನಿಗೆ ಹೇಳಿದ್ದರು: "ಈ ಸಲ ದೇವರು ಬಿಟ್ಟಾನ. ಬಿಪಿ ಗುಳಗಿ ಒಂದು ದಿನಾನೂ ತಪ್ಪಬಾರದು. ತಪ್ಪಿದ್ರ ಕೈಕಾಲು ಹೋಗ್ತಾವ." ಮುತ್ಯಾ ತಲೆಯಾಡಿಸಿದ್ದ. ಅಂದಿನಿಂದ ಆಯಿಯ ಗುಳಿಗೆಯ ಜವಾಬ್ದಾರಿ ಅವನದೇ ಆಯಿತು. ಬೆಳಿಗ್ಗೆ ರೊಟ್ಟಿ ತಿಂದ ಕೂಡಲೇ ಎದುರಿಗೆ ನಿಂತು ನುಂಗಿಸುತ್ತಿದ್ದ. ನಾಲಿಗೆ ಎತ್ತಿಸಿ ನೋಡುತ್ತಿದ್ದ ಎಂದು ಆಯಿ ದೂರುತ್ತಿದ್ದಳು.

ಆಯಿ ಕಿಟಕಿಗೆ ಬಂದಾಗಲೆಲ್ಲ ನನ್ನ ಕಾಲೆಳೆಯುತ್ತಿದ್ದಳು. "ಯವ್ವಾ, ನಿನ್ನ ಗಂಡ ಕಿವುಡ ಆಗ್ಯಾನೇನು?"

"ಇಲ್ಲ ಆಯಿ, ಇನ್ನೂ ಕೇಳಸ್ತದ."

"ಹಂಗಾರ ಗಟ್ಟಿ ಅದಾನ ಬಿಡು. ನಮ್ಮಾವ ಗೇಟಿನ ನೀರಿನ ಸಪ್ಪಳಕ್ಕ ಅರ್ಧ ಕಿವಿ ಕಳಕೊಂಡಾನ. ಅದಕ್ಕಾ ನನ್ನ ಜೋಡಿ ಬಾಳೇ ಮಾಡ್ಯಾನ."

ಸಾಲಿನಲ್ಲಿ ನಿಂತವರೆಲ್ಲ ನಗುತ್ತಿದ್ದರು. ಅವಳ 'ನಮ್ಮಾವ' ಮುತ್ಯಾ ಕೇಳಿಸಿಯೂ ಕೇಳಿಸದವನಂತೆ ಗೋಡೆ ನೋಡುತ್ತಿದ್ದ. ನನಗೆ ಇವರಿಬ್ಬರ ಮೇಲೆ ಬಹಳ ಪ್ರೀತಿ ಇತ್ತು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಓದಿದರೆ ನಂಬುವುದು ಕಷ್ಟ.

ಒಂದು ವರ್ಷ ಮಳೆಗಾಲದ ಹೊತ್ತಿಗೆ ಆ ತುದಿಯ ಕೋಣೆಯವರಿಗೆ ವರ್ಗವಾಯಿತು. ಬದಲಿಗೆ ಯಾರೂ ಬರಲಿಲ್ಲ. ಎರಡೂ ಕಪಾಟಿನ ಕೀಲಿಕೈ ನನ್ನ ಸೆರಗಿಗೆ ಬಂದವು. "ಎರಡನ್ನೂ ಹೊಂದಿಸ್ಕೊಂಡು ಹೋಗ್ರಿ" ಎಂದು ಡಾಕ್ಟರು ಹೇಳಿ ಕೈ ತೊಳೆದುಕೊಂಡರು. ನಾನು ಮೊದಲು ತಾರೀಖು ಬರೆದುಕೊಟ್ಟು ನೋಡಿದೆ: ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಕಿಟಕಿ, ಆಮೇಲೆ ಕೋಣೆ. ಒಬ್ಬರಿಗೂ ನೆನಪಿರಲಿಲ್ಲ. ತಪ್ಪು ದಿನ ಬರುವವರು, ತಪ್ಪು ಬಾಗಿಲಿಗೆ ನಿಲ್ಲುವವರು, ಬಂದೇ ಇಲ್ಲದವರು. ಕೂಗಿ ಕೂಗಿ ನನ್ನ ಗಂಟಲು ಹರಿದುಹೋಯಿತು.

ಒಂದು ಮಧ್ಯಾಹ್ನ ಸಾಲು ಕರಗಿದ ಮೇಲೆ ಮುತ್ಯಾ ಬೆಂಚಿನ ಮೇಲೆ ಕುಳಿತು ನನ್ನ ಅವಸ್ಥೆ ನೋಡುತ್ತಿದ್ದ. "ಅಕ್ಕೋರ, ಇದೇನ್ ದೊಡ್ಡ ಕೆಲಸ್ರಿ? ಪಾಳಿ ಹಚ್ರಿ" ಎಂದ.

"ಹಚ್ಚೀನಿ ಮುತ್ಯಾ. ತಾರೀಖ ಬರದು ಕೊಟ್ಟೀನಿ. ಯಾರ ನೆಪ್ಪು ಇಟ್ಗೋತಾರ?"

"ತಾರೀಖ ಯಾರಿಗಿ ಬೇಕ್ರಿ? ಇವತ್ತ ಎಷ್ಟನೇ ತಾರೀಖ ಅಂತ ನನ್ನ ಕೇಳ್ರಿ, ನಾನೂ ಹೇಳಂಗಿಲ್ಲ. ನೀರ ಯಾವತ್ತ ಬರ್ತದ ಅಂತ ಕೇಳ್ರಿ, ಈ ಊರಾಗಿನ ಸಣ್ಣ ಕೂಸೂ ಹೇಳ್ತದ."

ಆಮೇಲೆ ಅವನೇ ತಿಳಿಸಿ ಹೇಳಿದ. ಕಾಲುವೆಯಲ್ಲಿ ನೀರು ಸದಾ ಹರಿಯುವುದಿಲ್ಲ. ಸುಮಾರು ಎರಡು ವಾರ ಚಾಲೂ, ಆಮೇಲೆ ಒಂದು ವಾರವೋ ಹತ್ತು ದಿನವೋ ಬಂದ್, ಮತ್ತೆ ಚಾಲೂ. ಚಾಲೂ ಇರುವಾಗ ಅವನ ಗೇಟಿನಿಂದ ಒಬ್ಬೊಬ್ಬ ರೈತನಿಗೂ ಒಂದೊಂದು ಪಾಳಿ. ಮುತ್ಯಾನಿಗೆ ಓದು ಬರಹ ಇರಲಿಲ್ಲ. ಗೇಟಿನ ಕಟ್ಟೆಯ ಮೇಲೆ ರೈತನಿಗೊಂದು ಕಲ್ಲಿನಂತೆ ಸಾಲಾಗಿ ಇಟ್ಟಿದ್ದ. ಒಬ್ಬನ ಪಾಳಿ ಮುಗಿದರೆ ಅವನ ಕಲ್ಲು ಈ ತುದಿಯಿಂದ ಆ ತುದಿಗೆ ಹೋಗುತ್ತಿತ್ತು. ದೊಡ್ಡ ಸಾಹುಕಾರನೇ ಬಂದು ನಿಂತರೂ ಮುತ್ಯಾ ಕಲ್ಲು ತೋರಿಸುತ್ತಿದ್ದ. ಪಾಳಿ ಇಲ್ಲದಾಗ ನೀರು ಕೇಳುವುದೆಂದರೆ ಇನ್ನೊಬ್ಬನ ಹೊಲ ಒಣಗಿಸಿದಂತೆ. ಅದಕ್ಕಿಂತ ನಾಚಿಕೆಗೇಡಿನ ಕೆಲಸ ಆ ಜನಕ್ಕೆ ಇನ್ನೊಂದಿರಲಿಲ್ಲ. ತಮ್ಮ ಮೆಣಸಿನ ಗಿಡ ಕಣ್ಣೆದುರು ಬಾಡಿದರೂ ಬಾಯಿ ಮುಚ್ಚಿಕೊಂಡು ಪಾಳಿ ಕಾಯುತ್ತಿದ್ದರು.

ನನ್ನ ತಲೆಯಲ್ಲಿ ದೀಪ ಹತ್ತಿದಂತಾಯಿತು. ಕಾಲುವೆ ಚಾಲೂ ಇದ್ದರೆ ಕಿಟಕಿಯಲ್ಲಿ ರಾಜ್ಯದ ಗುಳಿಗೆ, ಬಂದ್ ಇದ್ದರೆ ಕೋಣೆಯಲ್ಲಿ ಕೇಂದ್ರದ ಗುಳಿಗೆ. ಒಂದು ಪಾಳಿಯಲ್ಲಿ ಕೊಟ್ಟದ್ದು ಮುಂದಿನ ಪಾಳಿಯವರೆಗೆ ಸಾಕಾಗಿ ಮೇಲೆ ನಾಲ್ಕು ದಿನಕ್ಕೆ ಉಳಿಯಬೇಕು. ನೀಲಿ ಬಣ್ಣ ತಂದು ಕಿಟಕಿಯ ಮೇಲೆ ಅಲೆಯ ಗುರುತು ಬರೆದೆ. ಕೋಣೆಯ ಬಾಗಿಲಿಗೆ ಕೆಮ್ಮಣ್ಣಿನ ಬಣ್ಣದ ಒಂದು ನೇರ ಗೆರೆ. ಪ್ರತಿಯೊಬ್ಬರ ಔಷಧದ ಕೈಪುಸ್ತಕದಲ್ಲೂ ಅದೇ ಗುರುತು ಹಾಕತೊಡಗಿದೆ: ಈ ಸಲ ಗೆರೆ ಇದ್ದರೆ ಮುಂದಿನ ಸಲ ಅಲೆ. ಯಾರಿಗೂ ಎರಡನೇ ಸಲ ಹೇಳಿಕೊಡಬೇಕಾಗಲಿಲ್ಲ. ಎರಡೇ ಸುತ್ತಿನಲ್ಲಿ ಆ ವರಾಂಡ ಶಾಂತವಾಯಿತು. ಯಾವ ಮುದುಕಿಯೂ ಬರಿಗೈಯಲ್ಲಿ ಹೋಗಲಿಲ್ಲ. ಮುತ್ಯಾ ಬಂದು ಎರಡೂ ಗುರುತು ನೋಡಿ, "ಈಗ ಅದ ನೋಡ್ರಿ ಬಂದೋಬಸ್ತ" ಎಂದ. ನನಗೆ ಹೊಟ್ಟೆ ತುಂಬ ಉಂಡಷ್ಟು ಸಂತೋಷವಾಯಿತು.

ಈಗ ನಾನು ಮಾಡಿದ್ದನ್ನು ಹೇಳಬೇಕು.

ಮೂರನೆಯ ಸುತ್ತಿರಬೇಕು. ಕಾಲುವೆ ಚಾಲೂ ಇತ್ತು, ಮುತ್ಯಾ ಆ ಪಾಳಿಯ ಗುಳಿಗೆ ಆಗಲೇ ಒಯ್ದಿದ್ದ. ಎರಡೇ ದಿನಕ್ಕೆ ಮತ್ತೆ ಸಾಲಿನಲ್ಲಿ ನಿಂತಿದ್ದ. ಕೈಯಲ್ಲಿ ಒದ್ದೆ ಕಾಗದದ ಪೊಟ್ಟಣ. ಗೂಡಿನಲ್ಲಿ ಇಟ್ಟ ಗುಳಿಗೆಯ ಮೇಲೆ ಮಾಳಿಗೆ ಸೋರಿ ಎಲ್ಲ ಕರಗಿ ಹಿಟ್ಟಾಗಿತ್ತು. ನಾನು ಕೇಳಿಸಿಕೊಂಡೆನೇ? ಇಲ್ಲ. ಆ ದಿನ ಬೆಳಿಗ್ಗೆಯಿಂದ ಇಬ್ಬರು ಹೀಗೇ ಎರಡೆರಡು ಸಲ ಒಯ್ಯಲು ಬಂದು ಸಿಕ್ಕಿಬಿದ್ದಿದ್ದರು. ನನ್ನ ಬಂದೋಬಸ್ತು ಇಷ್ಟು ಬೇಗ ಹಳ್ಳ ಹಿಡಿಯುತ್ತದೆಯೇ ಎಂದು ತಲೆ ಕಾದುಹೋಗಿತ್ತು.

"ನೀವಾ ನನಗ ಪಾಳಿ ಕಲಿಸಿದಾವ್ರು, ನೀವಾ ಮುರೀತೀರೇನು ಮುತ್ಯಾ? ನಿಮ್ಮ ಗೇಟಿನ ಮುಂದ ಯಾರರೆ ಹಿಂಗ ಬಂದು ನಿಂತ್ರ ಬಿಡ್ತಿದ್ರೇನು? ಪಾಳಿ ಇಲ್ದಾಗ ಈ ಕಡಿ ಬರಬ್ಯಾಡ್ರಿ, ಹೇಳೀನಿ."

ಇಡೀ ವರಾಂಡ ಕೇಳಿತು. ಕೇಳಲೆಂದೇ ಕೂಗಿದ್ದೆ. ಮುತ್ಯಾ ಪೊಟ್ಟಣವನ್ನು ಮಡಿಚಿ ಅಂಗಿಯ ಕಿಸೆಗೆ ಹಾಕಿಕೊಂಡ. "ತಪ್ಪಾತ್ರಿ ಅಕ್ಕೋರ" ಎಂದು ಹೇಳಿ, ಸಾಲಿನಲ್ಲಿ ಹಿಂದೆ ನಿಂತವರ ಮುಖ ನೋಡದೆ ಹೊರಟುಹೋದ. ಆ ಪಾಳಿಯ ಗುಳಿಗೆಯನ್ನು ಶಹಾಪುರದ ಮೆಡಿಕಲ್ ಶಾಪಿನಲ್ಲಿ ಕೊಂಡನೆಂದು ಆಯಿ ಆಮೇಲೆ ಮುತ್ಯಾನಿಗೆ ಗೊತ್ತಾಗದಂತೆ ನನಗೆ ತಿಳಿಸಿದಳು. ಆಯಿ ಮುಂದಿನ ಪಾಳಿಗೆ ಬಂದಾಗ ನನ್ನ ಕಿಟಕಿಯ ಸರಳು ಹಿಡಿದು, "ಯವ್ವಾ, ನಿನ್ನ ಬಾಯಿಗಿ ಒಂದು ಗೇಟ ಇಡಸಬೇಕು. ನಮ್ಮಾವನ್ನಾ ಕಾಯಾಕ ಹಚ್ಚತೀನಿ" ಎಂದಳು. ನಗುತ್ತಲೇ ಹೇಳಿದಳು. ನಾನೂ ನಕ್ಕೆ. ಕ್ಷಮಿಸಿ ಎಂದು ಒಂದು ಮಾತು ಆಗ ಅಂದುಬಿಟ್ಟಿದ್ದರೆ ಸಾಕಿತ್ತು, ಅನ್ನಲಿಲ್ಲ. ಆ ದಿನದ ಕೂಗಾಟದ ನಂತರ ಪಾಳಿ ತಪ್ಪಿ ಯಾರೂ ಬರಲಿಲ್ಲವಲ್ಲ, ಒಳಗೊಳಗೇ ಹೆಮ್ಮೆಯೂ ಇತ್ತು.

ಯಾದಗಿರಿಯಿಂದ ಒಬ್ಬ ಹಿರಿಯ ಅಧಿಕಾರಿ ಬಂದು ಅಲೆಯ ಗುರುತನ್ನೂ ಗೆರೆಯ ಗುರುತನ್ನೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ಎರಡು ಸರ್ಕಾರದ ಔಷಧವನ್ನು ಇಷ್ಟು ಚೊಕ್ಕಟವಾಗಿ ಹೊಂದಿಸಿದ್ದನ್ನು ತಾವು ಎಲ್ಲೂ ನೋಡಿಲ್ಲ ಎಂದರು. ಸುರಪುರದ ಕಡೆಗೂ ಇದನ್ನೇ ಹಚ್ಚೋಣ, ಎಲ್ಲವನ್ನೂ ಒಂದು ಟಿಪ್ಪಣಿ ಮಾಡಿ ಕೊಡಿ ಎಂದರು. ನಾನು ಮನೆಗೆ ಹೋಗಿ ಗಂಡನ ಎದುರು ಆ ಮಾತನ್ನು ಮೂರು ಸಲ ಹೇಳಿದೆ. ಮೂರನೆಯ ಸಲ ಅವರು, "ನನಗ ಕಿವಿ ಕೇಳಸ್ತದ" ಎಂದರು.

ಯುಗಾದಿ ಮುಗಿದು ಬಿಸಿಲು ಏರಿತು. ನಮ್ಮ ಬಿಸಿಲಿನ ಬಗ್ಗೆ ಹೇಳುವುದೇನಿದೆ, ಹತ್ತು ಗಂಟೆಗೆ ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ಆಸ್ಪತ್ರೆಯಲ್ಲಿ ವಯಸ್ಸಾದವರ ಗದ್ದಲ ಕಡಿಮೆಯಾಗುತ್ತ ಬಂತು. ಬಿಸಿಲಿಗೆ ಹೆದರಿ ಬರುತ್ತಿಲ್ಲ, ಮದುವೆ ಮುಂಜಿ ಅಂತ ಊರೂರು ತಿರುಗುತ್ತಿರಬೇಕು, ಆಯಿಯೂ ಕೊಡೇಕಲ್ಲಿಗೆ ದೇವರಿಗೆ ಹೋಗಿರಬೇಕು ಎಂದುಕೊಂಡೆ. ಸಮಾಧಾನವೇ ಆಯಿತು. ಫ್ಯಾನಿನ ಕೆಳಗೆ ಕುಳಿತು ಟಿಪ್ಪಣಿಯನ್ನು ಬರೆಯತೊಡಗಿದೆ. ಚಂದದ ಅಕ್ಷರದಲ್ಲಿ ಬರೆಯುತ್ತಿದ್ದೆ, ಜಿಲ್ಲೆಯ ಕಚೇರಿಗೆ ಹೋಗುವಂಥದ್ದು.

ಅದರಲ್ಲಿ ಎರಡೂ ಕಪಾಟಿನಿಂದ ಎಷ್ಟೆಷ್ಟು ಹೋಗಿದೆ ಎಂದು ಬರೆಯಬೇಕಿತ್ತು. ಕೋಣೆಯ ಕಪಾಟನ್ನು ನೋಡಿದೆ, ಅರ್ಧ ಖಾಲಿ. ಕಿಟಕಿಯ ಕಡೆಯದನ್ನು ನೋಡಲು ಬಂದೆ. ಬಿಪಿ ಗುಳಿಗೆಯ ಡಬ್ಬಿಗಳು ನೆಲದಿಂದ ನನ್ನ ಸೊಂಟದವರೆಗೆ ಪೇರಿಸಿದ್ದವು. ಅಂಟಿಸಿದ ಟೇಪು ಹಾಗೇ ಇತ್ತು. ಎಷ್ಟೋ ದಿನದಿಂದ ನಾನು ಆ ಡಬ್ಬಿಗಳ ಮೇಲೆಯೇ ಬುತ್ತಿ ಇಟ್ಟುಕೊಂಡು ಉಣ್ಣುತ್ತಿದ್ದೆ. ಇವು ಯಾಕೆ ಹೋಗಿಲ್ಲ ಎಂದು ತಲೆ ಎತ್ತಿದೆ. ಕಿಟಕಿಯ ಮೇಲೆ ನಾನೇ ಬರೆದ ನೀಲಿ ಅಲೆ ಇತ್ತು.

ಕಾಲುವೆ ಬೇಸಿಗೆಗೆ ಬಂದ್ ಆಗಿತ್ತು. ಎರಡು ವಾರ ಚಾಲೂ, ಹತ್ತು ದಿನ ಬಂದ್ ಎನ್ನುವುದು ಬೆಳೆ ಇರುವವರೆಗಿನ ಮಾತು. ಬೇಸಿಗೆ ಬಂದರೆ ನೀರು ನಿಲ್ಲುತ್ತದೆ, ಹೊಲಕ್ಕೆ ಮತ್ತೆ ಬರುವುದು ಮಳೆಗಾಲಕ್ಕೆ. ಕಾಲುವೆಯ ಮಕ್ಕಳಿಗೆಲ್ಲ ಗೊತ್ತಿರುವ ಈ ಮಾತು ಸೈದಾಪುರದ ನನ್ನ ತಲೆಗೆ ಹೊಳೆದಿರಲೇ ಇಲ್ಲ. ದಿನಾ ಎರಡು ಸಲ ಆ ಕಾಲುವೆಯ ಸೇತುವೆ ದಾಟುತ್ತಿದ್ದೆ. ಒಣಗಿದ ಕಾಲುವೆಯೊಳಗೆ ಹುಡುಗರು ಕ್ರಿಕೆಟ್ ಆಡುವುದನ್ನೂ ನೋಡಿದ್ದೆ. ಮುದುಕರೆಲ್ಲ ಕೊನೆಯ ಬಂದ್‌ನಲ್ಲಿ ಬಂದು ಗೆರೆಯ ಗುರುತಿನ ಗುಳಿಗೆ ಒಯ್ದಿದ್ದರು. ಕೈಪುಸ್ತಕದಲ್ಲಿ ಮುಂದಿನದು ಅಲೆ ಎಂದು ನಾನೇ ಬರೆದುಕೊಟ್ಟಿದ್ದೆ. ಅವರು ನೀರು ಕಾಯುತ್ತ ಮನೆಯಲ್ಲಿ ಕುಳಿತಿದ್ದರು.

ದಾಖಲೆ ಪುಸ್ತಕ ತೆರೆದು ನೋಡಿದೆ. ಆಯಿಯ ಹೆಸರಿನ ಮುಂದೆ ಕೊನೆಯ ಗೆರೆ ಬಿದ್ದು ಐದು ವಾರ ಕಳೆದಿತ್ತು. ಗುಳಿಗೆ ಕೊಟ್ಟಿದ್ದು ಎರಡು ವಾರಕ್ಕೂ ಸಾಲದಷ್ಟು.

ನಾನು ಆಮೇಲೆ ಏನು ಮಾಡಿದೆ ಎಂಬುದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಕೊನೆಯಲ್ಲಿ ಹೇಳಿದರೆ ದೊಡ್ಡಸ್ತಿಕೆಯಂತೆ ಕೇಳುತ್ತದೆ. ಆ ವಾರವೇ ಊರೂರಿಗೆ ಡಂಗುರ ಸಾರಿಸಿ ಎಲ್ಲರನ್ನೂ ಕರೆಸಿದೆ. ಅಲೆಯನ್ನೂ ಗೆರೆಯನ್ನೂ ಸುಣ್ಣ ಬಳಿದು ಅಳಿಸಿದೆ. ಕೋಣೆಗೆ ಕೀಲಿ ಹಾಕಿ ಎರಡೂ ಸರ್ಕಾರದ ಡಬ್ಬಿಗಳನ್ನು ಒಂದೇ ಕಿಟಕಿಯ ಹಿಂದೆ ತಂದಿಟ್ಟೆ. ಬಂದವರಿಗೆ ಬಂದ ದಿನವೇ ಗುಳಿಗೆ. ಇದು ರಾಜ್ಯದ್ದೋ ಕೇಂದ್ರದ್ದೋ ಎಂದು ಎರಡು ಪುಸ್ತಕದಲ್ಲಿ ಬರೆದುಕೊಂಡು ತಲೆ ಕೆಡಿಸಿಕೊಳ್ಳುವುದು ಕಿಟಕಿಯ ಒಳಗೆ ಕುಳಿತವಳ ಕೆಲಸ. ಹೊರಗೆ ನಿಂತವರು ಆ ಭಾರ ಹೊರಬೇಕಾಗಿಲ್ಲ. ಇಷ್ಟು ಸಣ್ಣ ಮಾತು ಮೊದಲೇ ಹೊಳೆಯಬಹುದಿತ್ತು. ಯಾದಗಿರಿಯ ಅಧಿಕಾರಿಗೆ ಆ ಟಿಪ್ಪಣಿ ಕಳಿಸಲಿಲ್ಲ, ಬದಲಿಗೆ ನಡೆದದ್ದನ್ನು ಬರೆದು ಕಳಿಸಿದೆ.

ಆದರೆ ಡಬ್ಬಿಗಳನ್ನು ಕಂಡ ಆ ಮಧ್ಯಾಹ್ನ ಇದಾವುದೂ ತಲೆಯಲ್ಲಿರಲಿಲ್ಲ. ಒಂದು ಡಬ್ಬಿಯ ಟೇಪು ಹರಿದು ಕೈಗೆ ಸಿಕ್ಕಷ್ಟು ಪಟ್ಟಿಗಳನ್ನು ಚೀಲಕ್ಕೆ ತುಂಬಿಕೊಂಡೆ. ಬಸ್ಸಿಗೆ ಕಾಯದೆ ಒಂದು ಟಂಟಂ ಆಟೊ ಹತ್ತಿದೆ. ದಾರಿಯುದ್ದಕ್ಕೂ ದೇವರಿಗೆ ಬೇಡಿಕೊಂಡೆ ಎಂದರೆ ಸುಳ್ಳಾಗುತ್ತದೆ. ಮುತ್ಯಾ ಜಾಣ, ಮೆಡಿಕಲ್ ಶಾಪಿನಲ್ಲಿ ಕೊಂಡಿರುತ್ತಾನೆ, ಹಿಂದೊಮ್ಮೆ ಕೊಂಡಿದ್ದನಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಅವರ ಮನೆ ಗೇಟಿನಿಂದ ಕೂಗಳತೆಯ ದೂರ. ಗೇಟಿನ ಕೆಳಗೆ ಕಾಲುವೆಯ ತಳ ಬಿರಿದು ಬಿದ್ದಿತ್ತು, ಆಡುಗಳು ಅಲ್ಲಿ ನೆರಳು ಹಿಡಿದು ಮಲಗಿದ್ದವು. ಕಟ್ಟೆಯ ಮೇಲೆ ಮುತ್ಯಾನ ಕಲ್ಲುಗಳು ಸಾಲಾಗಿ ಹಾಗೇ ಇದ್ದವು. ಮನೆಯ ಬಾಗಿಲು ತೆರೆದಿತ್ತು. ಮುತ್ಯಾ ಒಲೆಯ ಮುಂದೆ ಕುಳಿತು ರೊಟ್ಟಿ ತಟ್ಟುತ್ತಿದ್ದ. ಗಂಡಸರು ತಟ್ಟಿದ ರೊಟ್ಟಿ ಹೇಗಿರುತ್ತದೆ, ಒಂದು ಕಡೆ ದಪ್ಪ, ಒಂದು ಕಡೆ ಹರಿದದ್ದು. ಅದನ್ನು ನೋಡಿದ ಕೂಡಲೇ ನನಗೆ ತಿಳಿದುಹೋಯಿತು.

ಆಯಿ ಒಳಗೆ ಹೊರಸಿನ ಮೇಲೆ ಮಲಗಿದ್ದಳು. ಬಲಗೈಯನ್ನು ಯಾರೋ ಎತ್ತಿ ಎದೆಯ ಮೇಲೆ ಇಟ್ಟಂತಿತ್ತು, ಬಲಗಾಲು ಹೊರಕ್ಕೆ ಹೊರಳಿತ್ತು. ನನ್ನನ್ನು ಕಂಡು ಅವಳ ಕಣ್ಣು ಅರಳಿದವು. ಬಾಯಿಯ ಎಡ ಬದಿಯಷ್ಟೇ ಮೇಲೆದ್ದು ಏನೋ ಒಂದು ಸದ್ದು ಬಂತು. ಮತ್ತೆ ಪ್ರಯತ್ನಿಸಿದಳು, ಮತ್ತೆ ಅದೇ ಸದ್ದು. ಆ ನಾಲಿಗೆಯನ್ನು ನಾನು ಬಲ್ಲೆ, ಐವತ್ತು ಜನರನ್ನು ಒಂದೇ ಮಾತಿಗೆ ನಗಿಸುತ್ತಿದ್ದ ನಾಲಿಗೆ. ಅರ್ಧ ಕಿವುಡ ಮುತ್ಯಾನಿಗೆ ಮಾತ್ರ ಅದು ಅರ್ಥವಾಯಿತು.

"ನಿಮ್ಮ ಬಾಯಿಗಿ ಗೇಟ ಇಡಿಸೀರೇನು ಅಂತ ಕೇಳಾಕತ್ತಾಳ್ರಿ" ಎಂದ.

ನಾನು ಹೊರಸಿನ ಅಂಚಿಗೆ ಕುಳಿತು ಅತ್ತೆ. ಜೋರಾಗಿಯೇ ಅತ್ತೆ, ನನಗೆ ಮೆತ್ತಗೆ ಅಳಲೂ ಬರುವುದಿಲ್ಲ. ಆಯಿ ಎಡಗೈಯಿಂದ ನನ್ನ ಬೆನ್ನು ಸವರಿದಳು.

ಮುತ್ಯಾ ನೀರು ಕೊಟ್ಟು ನಿಧಾನಕ್ಕೆ ಹೇಳಿದ. ಗುಳಿಗೆ ಮುಗಿಯುತ್ತ ಬಂದಾಗ ಅಡಕತ್ತರಿಯಲ್ಲಿ ಅರ್ಧ ಅರ್ಧ ಮಾಡಿ ಕೊಟ್ಟನಂತೆ. ಕೊನೆಗೆ ದಿನ ಬಿಟ್ಟು ದಿನ. ಕುಡಿಯುವ ನೀರಿಗೆ ಕೆರೆ ತುಂಬಿಸಲು ಬೇಸಿಗೆಯಲ್ಲಿ ಒಮ್ಮೆ ಕಾಲುವೆಗೆ ನೀರು ಬಿಡುತ್ತಾರೆ, ಆಗ ಬಂದು ಒಯ್ದರಾಯಿತು ಎಂದು ಕಾದಿದ್ದ. ಆ ವರ್ಷ ಅದು ತಡವಾಯಿತು. ಎಂಟು ದಿನದ ಹಿಂದೆ ಬೆಳಿಗ್ಗೆ ಹಿಟ್ಟು ನಾದುತ್ತಿದ್ದವಳು ಹಾಗೇ ಪಕ್ಕಕ್ಕೆ ವಾಲಿದಳು. ಯಾದಗಿರಿಗೆ ಒಯ್ದು ಆಸ್ಪತ್ರೆಗೆ ಸೇರಿಸಿ, ನಿನ್ನೆಯಷ್ಟೇ ಕರೆದುಕೊಂಡು ಬಂದಿದ್ದ. ಅಲ್ಲಿಯವರು ಎರಡು ದಿನಕ್ಕೆ ಗುಳಿಗೆ ಕೊಟ್ಟು, ಮುಂದಿನದನ್ನು ನಿಮ್ಮೂರ ಆಸ್ಪತ್ರೆಯಲ್ಲಿ ತೆಗೆದುಕೊಳ್ಳಿ ಎಂದು ಕಳಿಸಿದ್ದರು.

"ಎರಡು ದಿನದ್ದು ನಾಕ್ ದಿನ ಮಾಡಾಕತ್ತೇನ್ರಿ" ಎಂದ.

"ಅಂಗಡ್ಯಾಗರೆ ತರಬೇಕಿಲ್ಲ ಮುತ್ಯಾ?"

"ಹೊರಗ ತಗೊಂಡ್ರ ಸರ್ಕಾರದ ಪಟ್ಟ್ಯಾಗಿಂದ ಹೆಸರ ಹೊಡೀತಾರ ಅಂತ ಮಂದಿ ಅಂದ್ರು. ಒಮ್ಮಿ ತಂದಿದ್ದೂ ಮುಚ್ಚಿಟ್ಟೇವಿ."

"ನನ್ನ ಹತ್ರ ಬರಬಾರದಿತ್ತೇನು?"

ಮುತ್ಯಾ ನನ್ನ ಮುಖ ನೋಡಿದ. ಅದರಲ್ಲಿ ಸಿಟ್ಟು ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ನನಗೇ ತಿಳಿಯದ್ದನ್ನು ಹೇಳಿಕೊಡುವವನ ಮುಖ ಅದು.

"ಪಾಳಿ ಬಂದಿರಲಿಲ್ಲಲ್ರಿ ಅಕ್ಕೋರ."

ನಾನು ಚೀಲದಿಂದ ಪಟ್ಟಿಗಳನ್ನು ತೆಗೆದು ಅವನ ಮುಂದೆ ಹಿಡಿದೆ. ಎರಡೂ ಕೈ ತುಂಬ ಇದ್ದವು. ಮುತ್ಯಾ ಹಿಟ್ಟು ಮೆತ್ತಿದ ಕೈಯನ್ನು ಪಂಚೆಗೆ ಒರೆಸಿಕೊಂಡ, ಆದರೆ ಮುಂದೆ ಚಾಚಲಿಲ್ಲ. ಅಷ್ಟೊಂದು ಗುಳಿಗೆ ನೋಡಿ ಅವನ ಮುಖದಲ್ಲಿ ಅಂಜಿಕೆ ಬಂತು.

"ಇವು ಯಾರ ಪಾಳೀವು ತಂದೀರಿ? ಮತ್ತ ಅವ್ರಿಗಿ?"

ಆ ಕ್ಷಣದಲ್ಲಿ ಸುಳ್ಳು ಹೇಳಬಹುದಿತ್ತು. ಈಗಷ್ಟೇ ಹೊಸ ಸ್ಟಾಕು ಬಂದಿದೆ ಎಂದಿದ್ದರೆ ನಂಬುತ್ತಿದ್ದ. ಆದರೆ ಹೊಸ ಸ್ಟಾಕಿಗೂ ಪಾಳಿ ಇರುತ್ತದಲ್ಲ, ಅವನು ಇನ್ನೊಬ್ಬರ ಪಾಲು ಎಂದುಕೊಂಡು ಮುಟ್ಟುವುದಿಲ್ಲವೇನೋ ಎಂದು ನನಗೆ ಹೆದರಿಕೆಯಾಯಿತು.

"ಯಾರ ಪಾಳೀವೂ ಅಲ್ಲ ಮುತ್ಯಾ. ಯಾರಿಗೂ ಕಡಿಮಿ ಬೀಳಂಗಿಲ್ಲ. ಯುಗಾದಿಯಿಂದ ಕಪಾಟಿನ ತುಂಬ ಹಂಗಾ ಬಿದ್ದಾವ."

ಮುತ್ಯಾ ತೆರೆದ ಬಾಗಿಲಿನಾಚೆ, ಬಿಸಿಲಿನಲ್ಲಿ ಕಾಣುತ್ತಿದ್ದ ತನ್ನ ಗೇಟಿನ ಕಡೆ ನೋಡಿದ.

"ಹಂಗಾರ ಗೇಟಿನ ಹಿಂದ ನೀರ ಇತ್ತು" ಎಂದ.

ಮುತ್ಯಾ ನನ್ನ ಕೈಯಿಂದ ಒಂದು ಪಟ್ಟಿ ತೆಗೆದುಕೊಂಡು ಒಂದು ಗುಳಿಗೆ ಬಿಡಿಸಿದ. ರೂಢಿಯಂತೆ ಅಡಕತ್ತರಿಗೆ ಕೈ ಹಾಕಿದವನು ಅದನ್ನು ಮತ್ತೆ ಗೂಡಿನಲ್ಲಿಟ್ಟ. ಆಯಿಯ ತಲೆಯನ್ನು ತನ್ನ ಎದೆಗೆ ಆನಿಸಿಕೊಂಡು ಇಡೀ ಗುಳಿಗೆಯನ್ನು ಬಾಯಿಗೆ ಹಾಕಿ, ಚಮಚೆಯಿಂದ ನೀರು ಕುಡಿಸಿ, ನುಂಗಿದಳೋ ಇಲ್ಲವೋ ಎಂದು ನಾಲಿಗೆ ಎತ್ತಿಸಿ ನೋಡಿದ.